ಪರ್ತ್‌ಗೆ ಹೊರಟ ಕಾರವಾರದ ತಮ್ಮನಿಗೆ

ತಮ್ಮಾ, ನೀನು ಕೇಳಿದ್ದು ಎರಡು. ಆಸ್ಟ್ರೇಲಿಯಾದ ಪರ್ತ್ ಪಕ್ಕಕ್ಕೆ ಅಮೆರಿಕದ ಅಣು ಜಲಾಂತರ್ಗಾಮಿಗಳು ಬರುತ್ತವಂತೆ, ಕಾರವಾರದ ಅರ್ಗಾ ನೌಕಾನೆಲೆಯಲ್ಲಿ ಹಡಗು ರಿಪೇರಿಯ ವೆಲ್ಡಿಂಗ್ ಮಾಡಿದವನಿಗೆ ಅಲ್ಲಿ ಕೆಲಸ ಸಿಕ್ಕೀತೇ? ಚೀನಾ-ಅಮೆರಿಕ ಜಟಾಪಟಿಯ ಮಧ್ಯೆ ಹೆಂಡತಿ ಮಕ್ಕಳನ್ನು ಕರೆತರಬಹುದೇ?

ಎರಡನೆಯದು ಮೊದಲು. ಧಾರಾಳ ಕರೆದುಕೊಂಡು ಬಾ, ಆದರೆ ಈ ದೇಶ ಎಲ್ಲಿ ನಿಂತಿದೆ ಎಂದು ತಿಳಿದಿರಲಿ. ರಕ್ಷಣೆಯ ಒಪ್ಪಂದ 1951ರಿಂದಲೂ ಅಮೆರಿಕದ ಜೊತೆ. ಅತಿ ದೊಡ್ಡ ಗಿರಾಕಿ ಮಾತ್ರ ಚೀನಾ. 2020ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾ ಕೋವಿಡ್ ಮೂಲದ ಸ್ವತಂತ್ರ ತನಿಖೆ ಕೇಳಿತು. ಮೇ ತಿಂಗಳಲ್ಲೇ ಚೀನಾ ಇಲ್ಲಿನ ಬಾರ್ಲಿಗೆ ಶೇ. 80.5 ಸುಂಕ ಜಡಿಯಿತು. ಆಮೇಲೆ ವೈನ್, ಕಲ್ಲಿದ್ದಲು, ಲಾಬ್‌ಸ್ಟರ್‌ಗೂ ಅಡ್ಡಿ ಬಂತು. ಈ ಕರಾವಳಿಯ ಲಾಬ್‌ಸ್ಟರ್ ಬಹುಪಾಲು ಚೀನಾಕ್ಕೇ ಹೋಗುತ್ತಿತ್ತು. ಹಿಡಿದದ್ದನ್ನು ಎಷ್ಟೋ ಮೀನುಗಾರರು ದೋಣಿಯಿಂದಲೇ ಊರವರಿಗೆ ಮಾರಬೇಕಾಯಿತು. ಆ ಬಾಗಿಲು ಮತ್ತೆ ತೆರೆದದ್ದು 2024ರ ಕೊನೆಗೆ.

ಕಬ್ಬಿಣದ ಅದಿರನ್ನು ಮಾತ್ರ ಚೀನಾ ಮುಟ್ಟಲಿಲ್ಲ, ಅದರ ಉಕ್ಕಿನ ಕಾರ್ಖಾನೆಗಳಿಗೆ ಅದು ಬೇಕೇ ಬೇಕು. 2010ರಲ್ಲಿ ಕರ್ನಾಟಕದ ಅದಿರು ರಫ್ತು ನಿಂತಾಗ ಬೇಲೇಕೇರಿ ಬಂದರಿಗೆ ಬರುವ ಲಾರಿಗಳ ಗತಿ ಏನಾಯಿತೆಂದು ನಿಮ್ಮ ಕಡೆಯವರಿಗೆ ಗೊತ್ತು. ಇಲ್ಲೂ ಹಾಗೆಯೇ: ಪರ್ತ್‌ನ ಕೆಲಸ, ಮನೆ ಬಾಡಿಗೆ ಎಲ್ಲ ಅಲುಗುವುದು ಜಲಾಂತರ್ಗಾಮಿ ಸುದ್ದಿಗಿಂತ ಹೆಚ್ಚಾಗಿ ಅದಿರಿನ ದರಕ್ಕೆ. ಅದರ ಮೇಲೆ ಕಣ್ಣಿಡು.

ಆಸ್ಟ್ರೇಲಿಯಾ ಮಣಿಯಲಿಲ್ಲ, ಮುರಿದುಕೊಳ್ಳಲೂ ಇಲ್ಲ. ಬಾರ್ಲಿಗೆ ಸೌದಿಯಂಥ ಬೇರೆ ಗಿರಾಕಿಗಳನ್ನು ಹುಡುಕಿತು, ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು, 2020ರಲ್ಲೇ ಭಾರತದ ಮಲಬಾರ್ ನೌಕಾ ಕವಾಯತಿಗೆ ಮರಳಿತು, 2021ರಲ್ಲಿ ಅಮೆರಿಕ, ಬ್ರಿಟನ್ ಜೊತೆ ಅಣು ಜಲಾಂತರ್ಗಾಮಿಗಳ ಆಕಸ್ ಒಪ್ಪಂದಕ್ಕೆ ಕೈ ಹಾಕಿತು. ಬಾರ್ಲಿ ಸುಂಕ 2023ರ ಆಗಸ್ಟ್‌ನಲ್ಲಿ ಹೋಯಿತು. ಮಧ್ಯಮ ಬಲದ ದೇಶಕ್ಕೆ ಇದೇ ಸರಿಯಾದ ದಾರಿ ಎಂದು ನನ್ನ ನಂಬಿಕೆ. ಆದರೆ ಆಕಸ್‌ನಿಂದ ಅಮೆರಿಕದ ಮೇಲಿನ ಅವಲಂಬನೆ ಹೆಚ್ಚಿತು, ಅದು ನನಗೆ ಆತಂಕದ ವಿಷಯವೇ. ನೌಕಾನೆಲೆಯ ಊರು ಯುದ್ಧ ಬಂದರೆ ಗುರಿಯಾಗುತ್ತದೆ ಎಂಬ ಭಯ ಕಾರವಾರದವರಿಗೆ ಹೊಸದಲ್ಲ. ಇಲ್ಲೂ ಅದನ್ನು ಅಲ್ಲಗಳೆಯಲಾರೆ.

ಇನ್ನು ಕೆಲಸ. ಪರ್ತ್‌ನ ದಕ್ಷಿಣಕ್ಕಿರುವ ಸ್ಟರ್ಲಿಂಗ್ ನೌಕಾನೆಲೆಗೆ 2027ರಿಂದ ಅಮೆರಿಕದ 4ರವರೆಗೆ, ಬ್ರಿಟನ್ನಿನ 1 ಜಲಾಂತರ್ಗಾಮಿ ಸರದಿಯಲ್ಲಿ ಬರಬೇಕೆಂದು ಯೋಜನೆ. ಕೆಲಸ ಇದೆ, ಆದರೆ ಭದ್ರತಾ ಕ್ಲಿಯರೆನ್ಸ್, ಅಂದರೆ ಹಿನ್ನೆಲೆ ನೋಡಿ ಸರ್ಕಾರ ಕೊಡುವ ಒಪ್ಪಿಗೆ, ಬೇಕು. ಅದಕ್ಕೆ ಸಾಮಾನ್ಯವಾಗಿ ಇಲ್ಲಿನ ಪೌರತ್ವ ಇರಬೇಕು, ಅರ್ಜಿಯನ್ನು ಕಂಪನಿಯ ಮೂಲಕವೇ ಹಾಕಬೇಕು. ಕೆಳಗಿನ ಹಂತಕ್ಕೇ 5 ವರ್ಷದ ಹಿನ್ನೆಲೆ ಕೆದಕುತ್ತಾರೆ, ಅದರ ಮೇಲಿನದಕ್ಕೆ 10. ಹಾಗಾಗಿ ಮೊದಲು ಗಣಿಗಳ ಫ್ಯಾಬ್ರಿಕೇಶನ್ ಶೆಡ್ಡು, ಖಾಸಗಿ ಯಾರ್ಡುಗಳಲ್ಲಿ ಹುಡುಕು.

ವೀಸಾಕ್ಕೆ ಮಾಡುವ ಕೌಶಲ ಪರೀಕ್ಷೆಯಲ್ಲಿ ನಮ್ಮವರು ಎಡವುವುದು ಕಾಗದದಲ್ಲಿ. ಕಂಟ್ರಾಕ್ಟರ್ ಕೊಡುವ ಎರಡು ಸಾಲಿನ ಪತ್ರ ಸಾಲದು. ಲೆಟರ್‌ಹೆಡ್‌ನಲ್ಲಿ ಸೇರಿದ, ಬಿಟ್ಟ ತಾರೀಕು, ವಾರದ ಗಂಟೆ, ಮಾಡಿದ ವೆಲ್ಡಿಂಗ್ ಬಗೆ, ಪ್ಲೇಟಿನ ದಪ್ಪ ಬರೆಸು. ಪಿಎಫ್ ದಾಖಲೆ, ಸಂಬಳದ ಸ್ಲಿಪ್ ಜೊತೆಗಿರಲಿ. ಅರ್ಗಾದ ಹಡಗಿನ ಫೋಟೊ, ಡ್ರಾಯಿಂಗ್ ಎಲ್ಲಿಯೂ ತೋರಿಸಬೇಡ, ಅಧಿಕೃತ ರಹಸ್ಯ ಕಾಯ್ದೆಗೆ ಸಿಕ್ಕಿಬಿದ್ದೀಯೆ.

ಪೌರತ್ವಕ್ಕೆ 4 ವರ್ಷದ ವಾಸ, ಕೊನೆಯ 1 ವರ್ಷ ಪಿಆರ್ (ಕಾಯಂ ನಿವಾಸಿ) ಆಗಿ. ಆ 4 ವರ್ಷದಲ್ಲಿ ಒಟ್ಟು 12 ತಿಂಗಳು, ಕೊನೆಯ ವರ್ಷದಲ್ಲಿ 90 ದಿನ ಮೀರಿ ಹೊರಗಿರುವಂತಿಲ್ಲ. ಊರಿನ ಮದುವೆ, ಬಂಡಿಹಬ್ಬಗಳಿಗೆ ಟಿಕೆಟ್ ತೆಗೆಯುವಾಗ ಈ ಲೆಕ್ಕ ನೋಡಿಕೊಂಡೇ ತೆಗೆ.