ಮುಖಪುಟದಲ್ಲಿ ಊರು ಕಾಣಬೇಕಾದರೆ

ಪ್ರಶ್ನೆ: ನಾನು ದಾವಣಗೆರೆಯಲ್ಲಿ ದೃಶ್ಯಕಲೆಯ ವಿದ್ಯಾರ್ಥಿನಿ. ನಮ್ಮೂರಿನ ಇಂದಿನ ಬದುಕನ್ನು ಕುರಿತ ಕಾಲ್ಪನಿಕ ಮಾಸಪತ್ರಿಕೆಗೆ ಚಿತ್ರದ ಮುಖಪುಟ ರಚಿಸಬೇಕಿತ್ತು. ಬೆಣ್ಣೆ ದೋಸೆ, ಗಾಜಿನ ಮನೆ, ಹತ್ತಿ ಗಿರಣಿ, ಮಿರ್ಚಿ-ಮಂಡಕ್ಕಿ ಎಲ್ಲವನ್ನೂ ಸೇರಿಸಿದೆ. ಪ್ರವಾಸೋದ್ಯಮದ ಜಾಹೀರಾತಿನಂತಿದೆ ಎಂದು ಮೇಷ್ಟ್ರು ಹಿಂದಿರುಗಿಸಿದರು. ಯಾವುದನ್ನು ಉಳಿಸಿಕೊಳ್ಳಲಿ? ಪರದೆಯ ಮೇಲೆ ಚೆನ್ನಾಗಿದ್ದ ಬಣ್ಣ ಅಚ್ಚಿನಲ್ಲಿ ಮಂಕಾಗುವುದೇಕೆ?

ಉತ್ತರ: ನಿಮ್ಮ ಮೇಷ್ಟ್ರ ಮಾತಿನಲ್ಲಿ ಹುರುಳಿದೆ. ಊರಿನ ಹೆಸರುವಾಸಿ ವಸ್ತುಗಳನ್ನೆಲ್ಲ ಒಟ್ಟುಗೂಡಿಸಿದರೆ ಪಟ್ಟಿಯಾಗುತ್ತದೆಯೇ ಹೊರತು ಊರಾಗುವುದಿಲ್ಲ. ಅಮೆರಿಕದ ನ್ಯೂಯಾರ್ಕ್ ನಗರದ ‘ನ್ಯೂಯಾರ್ಕರ್’ ಪತ್ರಿಕೆಯ 1976ರ ಮಾರ್ಚ್ 29ರ ಸಂಚಿಕೆಗೆ ಚಿತ್ರಕಾರ ಸಾಲ್ ಸ್ಟೈನ್‌ಬರ್ಗ್ ರಚಿಸಿದ ಮುಖಪುಟವನ್ನು ಒಮ್ಮೆ ನೋಡಿ. ಅದರಲ್ಲಿ ಸ್ವಾತಂತ್ರ್ಯ ದೇವತೆಯ ಪ್ರತಿಮೆಯಿಲ್ಲ. ಎರಡು ಬೀದಿಗಳೇ ಚಿತ್ರದ ಅರ್ಧಭಾಗವನ್ನು ಆವರಿಸಿವೆ, ಹಡ್ಸನ್ ನದಿಯಾಚೆಗಿನ ಅಮೆರಿಕವೆಲ್ಲ ಒಂದು ಸಣ್ಣ ತುಂಡು ನೆಲ, ಪೆಸಿಫಿಕ್ ಸಾಗರದಾಚೆ ಚೀನಾ, ಜಪಾನ್, ರಷ್ಯಾಗಳು ಬರೀ ಗುಡ್ಡಗಳು. ನಗರವಾಸಿಯ ಧೋರಣೆಯೇ ಅಲ್ಲಿ ಚಿತ್ರವಾಗಿದೆ.

ಹಾಗೆಂದು ದೋಸೆಯನ್ನು ಬಿಡಲೇಬೇಕೆಂದಿಲ್ಲ. ಬೆಣ್ಣೆಯ ಮುದ್ದೆಯನ್ನು ಮಾತ್ರ ದಯವಿಟ್ಟು ಬಿಡಿ, ಅದನ್ನು ಸಾಕಷ್ಟು ಜನ ಬಿಡಿಸಿಯಾಗಿದೆ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಗಿರಣಿಗಳ ಊರು ಇಂದು ಕಾಲೇಜು, ಹಾಸ್ಟೆಲ್ಲುಗಳ ಊರಾಗಿದೆ; ಆದ್ದರಿಂದ ಹೊಸತನವಿರುವುದು ದೋಸೆಯಲ್ಲಲ್ಲ, ಅದಕ್ಕಾಗಿ ಕಾದು ನಿಂತವರಲ್ಲಿ. ಭಟ್ಟರು ಕಾದ ಕಾವಲಿಗೆ ನೀರು ಚಿಮುಕಿಸಿ ಪೊರಕೆಯಿಂದ ಗುಡಿಸುವಾಗ ಭುಸ್ಸೆಂದು ಏಳುವ ಹಬೆ, ಅದರಾಚೆ ಹೆಲ್ಮೆಟ್ ಕಳಚದೆ ಮೊಬೈಲ್ ನೋಡುತ್ತಿರುವ ಡೆಲಿವರಿ ಹುಡುಗ, ಪಕ್ಕದಲ್ಲಿ ಬಿಳಿ ಕೋಟನ್ನು ತೋಳಿನ ಮೇಲೆ ಹಾಕಿಕೊಂಡ ವೈದ್ಯಕೀಯ ವಿದ್ಯಾರ್ಥಿನಿ, ಮೂಲೆಯ ಬೆಂಚಿನಲ್ಲಿ ಮೆಕ್ಕೆಜೋಳ ಮಾರಿ ಬಂದ ರೈತ: ಇಷ್ಟರಲ್ಲೇ ಮುಖಪುಟವಿದೆ. ಇವರಲ್ಲೂ ಒಬ್ಬರನ್ನು ದೊಡ್ಡದಾಗಿ ಬರೆದು ಉಳಿದವರನ್ನು ಹಬೆಯಲ್ಲಿ ಅರೆಮರೆಯಾಗಿಸಿ. ಮೊದಲು ಅಂಚೆಚೀಟಿಯ ಗಾತ್ರದ ಕರಡುಗಳನ್ನು ಮಾಡಿಕೊಳ್ಳಿ. ಆ ಗಾತ್ರದಲ್ಲಿ ಅರ್ಥವಾಗದ ಚಿತ್ರ ಅಂಗಡಿಯಲ್ಲಿ ತೂಗುಹಾಕಿದಾಗಲೂ ಅರ್ಥವಾಗದು.

ಪತ್ರಿಕೆಯ ಹೆಸರಿಗೆ ಮೇಲ್ಭಾಗದಲ್ಲಿ ಸುಮಾರು ಕಾಲುಭಾಗ ಬಿಟ್ಟುಕೊಳ್ಳಿ. ಹೆಸರಿನಲ್ಲಿ ಒತ್ತಕ್ಷರವಿದ್ದರೆ ಅದು ಸಾಲಿನಿಂದ ಕೆಳಕ್ಕಿಳಿದು ಚಿತ್ರದ ತಲೆಗೆ ತಾಗುತ್ತದೆಯಾದ್ದರಿಂದ, ಅಕ್ಷರಗಳನ್ನು ಕೊನೆಗೆ ಅಂಟಿಸುವ ಬದಲು ಕರಡಿನಲ್ಲೇ ಬರೆದು ನೋಡಬೇಕು. ಹಬೆ ಅಕ್ಷರಗಳ ಹಿಂದೆ ಹಾಯ್ದರೆ ಇನ್ನೂ ಚೆನ್ನ.

ಬಣ್ಣದ ವಿಷಯ: ಪರದೆ ಬೆಳಕಿನಿಂದ ಬಣ್ಣ ತೋರಿಸುತ್ತದೆ, ಮುದ್ರಣವು ಸಯಾನ್, ಮೆಜೆಂಟಾ, ಹಳದಿ, ಕಪ್ಪು ಶಾಯಿಗಳಿಂದ. ಕಣ್ಣು ಕುಕ್ಕುವ ಹಸಿರು, ಕಿತ್ತಳೆಗಳು ಆ ನಾಲ್ಕು ಶಾಯಿಗಳಿಗೆ ಎಟುಕುವುದಿಲ್ಲ. ಆರಂಭದಿಂದಲೇ ಈ ನಾಲ್ಕು ಶಾಯಿಗಳ ಲೆಕ್ಕದ ಸಿಎಂವೈಕೆ ವಿಧಾನದಲ್ಲಿ, 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಕೆಲಸ ಮಾಡಿ, ಕತ್ತರಿಸುವ ಅಂಚಿನಾಚೆ ಸುತ್ತಲೂ 3 ಮಿ.ಮೀ. ಚಿತ್ರವನ್ನು ಮುಂದುವರಿಸಿ. ಒಪ್ಪಿಸುವ ಮುನ್ನ ಪ್ರೆಸ್ಸಿನಲ್ಲಿ ಬಣ್ಣದ ಒಂದು ಪ್ರೂಫ್ (ಮಾದರಿ ಪ್ರತಿ) ತೆಗೆಸಿ ಹಗಲು ಬೆಳಕಿನಲ್ಲಿ ನೋಡಿಕೊಳ್ಳಿ.