ಓದುಗರ ಪ್ರಶ್ನೆ: ಟ್ರೆಡ್‌ಮಿಲ್‌ನ ಲೆಕ್ಕವೇ, ವಾಚಿನ ಲೆಕ್ಕವೇ?

ಪ್ರಶ್ನೆ: ನನಗೆ 52 ವರ್ಷ, ತೂಕ 68 ಕಿಲೋ. ಫೆಬ್ರುವರಿಯಿಂದ ವಾರಕ್ಕೆ ಆರು ದಿನ, ಏಸಿ ಇಲ್ಲದ ಒಂದು ಜಿಮ್‌ನಲ್ಲಿ ದಿನಕ್ಕೆ 40 ನಿಮಿಷ ಟ್ರೆಡ್‌ಮಿಲ್ ಮೇಲೆ ನಡೆಯುತ್ತಿದ್ದೇನೆ. ವೇಗ ಗಂಟೆಗೆ 5.4 ಕಿ.ಮೀ., ಏರು 5 ಪ್ರತಿಶತ. ಬೀಳುವ ಭಯದಿಂದ ಮುಂದಿನ ಹಿಡಿಕೆಯನ್ನು ಹಿಡಿದುಕೊಂಡಿರುತ್ತೇನೆ. ಯಂತ್ರ 310 ಕ್ಯಾಲರಿ ತೋರಿಸುತ್ತದೆ. ಮಗ ಕೊಡಿಸಿದ ಸ್ಮಾರ್ಟ್ ವಾಚ್ ಫೆಬ್ರುವರಿಯಲ್ಲಿ 220ರ ಆಸುಪಾಸು ತೋರಿಸುತ್ತಿತ್ತು. ಮೇ ತಿಂಗಳಲ್ಲಿ ಅದೇ ನಡಿಗೆಗೆ 265 ಎಂದಿತು. ತಿಂಗಳಿಗೆ ಒಂದು ಕಿಲೋ ಇಳಿಯಬೇಕೆಂದು ನನ್ನ ಲೆಕ್ಕವಿತ್ತು, ಇಳಿದದ್ದು ಅರ್ಧ ಕಿಲೋ. ಯಾವುದನ್ನು ನಂಬಬೇಕು?
– ಓದುಗರೊಬ್ಬರು, ಕಡಿಯಾಳಿ, ಉಡುಪಿ

ಉತ್ತರ: ನಿಮ್ಮ ತಕ್ಕಡಿ ಸುಳ್ಳು ಹೇಳುತ್ತಿಲ್ಲ, ತಪ್ಪಿದ್ದು 310 ಎಂಬ ಸಂಖ್ಯೆಯಲ್ಲಿ. ದೇಹ ಎಷ್ಟು ಶಕ್ತಿ ವ್ಯಯಿಸಿತು ಎಂಬುದನ್ನು ನಿಖರವಾಗಿ ತಿಳಿಯಬೇಕಾದರೆ ಮುಖಕ್ಕೆ ಮುಸುಕು ಕಟ್ಟಿ, ಒಳಗೆ ಹೋದ ಆಮ್ಲಜನಕವನ್ನೂ ಹೊರಬಂದ ಇಂಗಾಲದ ಡೈಆಕ್ಸೈಡನ್ನೂ ಪ್ರಯೋಗಾಲಯದಲ್ಲಿ ಅಳೆಯಬೇಕು. ಟ್ರೆಡ್‌ಮಿಲ್ ಆಗಲಿ, ವಾಚ್ ಆಗಲಿ ಅದನ್ನು ಅಳೆಯುವುದಿಲ್ಲ. ಬೇರೇನನ್ನೋ ಅಳೆದು, ಅದರಿಂದ ಶಕ್ತಿಯನ್ನು ಊಹಿಸುತ್ತವೆ.

ಟ್ರೆಡ್‌ಮಿಲ್‌ಗೆ ಗೊತ್ತಿರುವುದು ವೇಗ, ಏರು ಮತ್ತು ನೀವು ನಮೂದಿಸಿದ್ದರೆ ನಿಮ್ಮ ತೂಕ. ಇಷ್ಟರಿಂದ ಲೆಕ್ಕ ಹಾಕುವ ಒಂದು ಪ್ರಸಿದ್ಧ ಸೂತ್ರ ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನದು, ಮತ್ತು ಅದನ್ನು ನೀವು ಕಾಗದದ ಮೇಲೆಯೇ ಮಾಡಬಹುದು. ಗಂಟೆಗೆ 5.4 ಕಿ.ಮೀ. ಎಂದರೆ ನಿಮಿಷಕ್ಕೆ 90 ಮೀಟರ್. ಸಮತಟ್ಟಿನ ನಡಿಗೆಗೆ ಇದರ ಹತ್ತನೇ ಒಂದು ಭಾಗವಾದ 9ಕ್ಕೆ ವಿಶ್ರಾಂತಿಯ 3.5 ಸೇರಿಸಿದರೆ 12.5 ಆಗುತ್ತದೆ, ಇದು ದೇಹತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ ಬೇಕಾಗುವ ಆಮ್ಲಜನಕದ ಮಿಲಿಲೀಟರ್ ಪ್ರಮಾಣ. 68 ಕಿಲೋಗೆ ಅದು 850 ಮಿಲಿಲೀಟರ್. ಒಂದು ಲೀಟರ್ ಆಮ್ಲಜನಕಕ್ಕೆ ಸುಮಾರು 5 ಕ್ಯಾಲರಿಯಂತೆ (ನಾವು ಕ್ಯಾಲರಿ ಎನ್ನುವುದು ವಾಸ್ತವವಾಗಿ ಕಿಲೋಕ್ಯಾಲರಿ) ನಿಮಿಷಕ್ಕೆ 4.25, 40 ನಿಮಿಷಕ್ಕೆ 170. ಶೇಕಡಾ 5ರ ಏರಿಗೆ ವೇಗದ 1.8 ಪಟ್ಟನ್ನು 0.05ರಿಂದ ಗುಣಿಸಿ ಬರುವ 8.1 ಸೇರಿದರೆ ಮೊತ್ತ ಸುಮಾರು 280ಕ್ಕೆ ಏರುತ್ತದೆ. ಯಂತ್ರ 310 ಎಂದಿರುವುದಕ್ಕೆ ಒಂದು ಸಾಧ್ಯ ಕಾರಣ, ಅದಕ್ಕೆ ನಿಮ್ಮ ತೂಕವನ್ನು ಯಾರೂ ಹೇಳದಿರುವುದು. ಹೇಳದಿದ್ದಾಗ ಅನೇಕ ಯಂತ್ರಗಳು ತಮ್ಮಲ್ಲೇ ಇರುವ ಯಾವುದೋ ತೂಕವನ್ನು ಹಿಡಿದುಕೊಳ್ಳುತ್ತವೆ.

ಆದರೆ ಈ 280 ಕೂಡ ಕೈಬಿಟ್ಟು ನಡೆಯುವವರದ್ದು. ಹಿಡಿಕೆಗೆ ಭಾರ ಹಾಕಿ ಹಿಂದಕ್ಕೆ ವಾಲಿದರೆ ಏರನ್ನು ಹತ್ತುವ ಕೆಲಸದ ಒಂದು ಪಾಲನ್ನು ಯಂತ್ರವೇ ಮಾಡಿಕೊಡುತ್ತದೆ, ಫಲಕದ ಮೇಲಿನ ಅಂಕಿ ಮಾತ್ರ ಏನೂ ಅರಿಯದಂತೆ ಓಡುತ್ತಿರುತ್ತದೆ. ಹಾಗಾಗಿ ನಿಮ್ಮ ನಿಜವಾದ ವ್ಯಯ 170 ಮತ್ತು 280ರ ನಡುವೆ ಎಲ್ಲೋ ಇದೆ ಎಂದು ತಿಳಿಯಿರಿ. ಭಯವಿದ್ದರೆ ಏರನ್ನು 2ಕ್ಕೆ ಇಳಿಸಿ, ಬೇಕಾದರೆ ವೇಗವನ್ನೂ ತಗ್ಗಿಸಿ, ಕೈಬಿಟ್ಟು ನಡೆಯಿರಿ. 5.4ರ ವೇಗದಲ್ಲೇ ನಡೆದರೆ ಸೂತ್ರದ ಪ್ರಕಾರ ಸುಮಾರು 214 ಬರುತ್ತದೆ. ಹಿಡಿದುಕೊಂಡು ಗಳಿಸಿದ 310ಕ್ಕಿಂತ ಅದು ನಂಬಲರ್ಹ.

ಇನ್ನೊಂದು ಕಡಿತವಿದೆ, ಅದನ್ನು ಬಹಳ ಮಂದಿ ಮರೆಯುತ್ತಾರೆ. ಆ 40 ನಿಮಿಷ ನೀವು ಮನೆಯ ಚಾವಡಿಯಲ್ಲಿ ಸುಮ್ಮನೆ ಕುಳಿತಿದ್ದರೂ ಇದೇ ಸೂತ್ರದ ಲೆಕ್ಕದಲ್ಲಿ ಸುಮಾರು 48 ಕ್ಯಾಲರಿ ಖರ್ಚಾಗುತ್ತಿತ್ತು. ಅದನ್ನು ಕಳೆದರೆ ನಡಿಗೆಯಿಂದಲೇ ಆದ ಹೆಚ್ಚುವರಿ ವ್ಯಯ 122ರಿಂದ 232. ತಿಂಗಳ 26 ದಿನಕ್ಕೆ ಇದು ಸುಮಾರು 3,200ರಿಂದ 6,000. ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಕ್ಯಾಲರಿ ಎಂಬ ರೂಢಿಯ ಲೆಕ್ಕದಲ್ಲಿ 400ರಿಂದ 800 ಗ್ರಾಂ. ಅಂದರೆ ನಿಮ್ಮ ಅರ್ಧ ಕಿಲೋ ಸರಿಯಾಗಿಯೇ ಇದೆ. 310ನ್ನು 26ರಿಂದ ಗುಣಿಸಿದಾಗ ಮಾತ್ರ ಅದು ಒಂದು ಕಿಲೋ ದಾಟುತ್ತದೆ.

ವಾಚಿನ ಕಥೆ ಬೇರೆ. ಅದು ಮುಖ್ಯವಾಗಿ ನಾಡಿಬಡಿತ ಮತ್ತು ಕೈಯ ಚಲನೆಯನ್ನು ನೋಡುತ್ತದೆ, ಹಿಡಿಕೆಯ ಮೇಲೆ ಕೈ ಊರಿದರೆ ಆ ಚಲನೆಯೂ ಇಲ್ಲ. ಇನ್ನು ಮೇ ತಿಂಗಳ ನಮ್ಮ ಕರಾವಳಿಯಲ್ಲಿ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ. ಮೈ ತಂಪಾಗದೆ ಹೃದಯ ಚರ್ಮದ ಕಡೆಗೆ ಹೆಚ್ಚು ರಕ್ತ ಕಳುಹಿಸಬೇಕಾಗುತ್ತದೆ, ಅದೇ ನಡಿಗೆಗೆ ಬಡಿತ ಏರುತ್ತದೆ. ಸ್ನಾಯುಗಳು ಬಳಸುವ ಆಮ್ಲಜನಕ ಆ ಪ್ರಮಾಣದಲ್ಲಿ ಹೆಚ್ಚುವುದಿಲ್ಲ, ಆದರೆ ಏರಿದ ಬಡಿತವನ್ನು ಹೆಚ್ಚಿದ ಶ್ರಮವೆಂದೇ ವಾಚ್ ಓದಿಕೊಳ್ಳುತ್ತದೆ. 220ರಿಂದ 265ಕ್ಕೆ ಆದ ಏರಿಕೆಯಲ್ಲಿ ಬಹುಪಾಲು ಸೆಕೆಯ ಕೊಡುಗೆ. ರಕ್ತದೊತ್ತಡಕ್ಕೆ ಅಟೆನೊಲಾಲ್, ಮೆಟೊಪ್ರೊಲಾಲ್‌ನಂತಹ ಮಾತ್ರೆ ಸೇವಿಸುವವರಲ್ಲಿ ಇದಕ್ಕೆ ತದ್ವಿರುದ್ಧ: ಬಡಿತ ತಗ್ಗಿರುವುದರಿಂದ ವಾಚ್ ಕಡಿಮೆ ತೋರಿಸಬಹುದು. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 60 ಮಂದಿಯ ಮೇಲೆ ಏಳು ಬಗೆಯ ಮಣಿಕಟ್ಟಿನ ಸಾಧನಗಳನ್ನು ಪರೀಕ್ಷಿಸಿದಾಗ ಆರು ಸಾಧನಗಳು ನಾಡಿಬಡಿತವನ್ನು ಶೇ. 5ರೊಳಗಿನ ತಪ್ಪಿನಲ್ಲಿ ಅಳೆದವು. ಕ್ಯಾಲರಿಯ ವಿಷಯದಲ್ಲಿ ಮಾತ್ರ ಅತ್ಯುತ್ತಮವಾದದ್ದೂ ಸರಾಸರಿ ಶೇ. 27ರಷ್ಟು ತಪ್ಪಿತು, ಅತಿ ಕಳಪೆಯದ್ದು ಶೇ. 93.

ಆದ್ದರಿಂದ ವಾಚಿನ ಬಡಿತವನ್ನು ನಂಬಿ, ಕ್ಯಾಲರಿಯನ್ನು ಬದಿಗಿಡಿ. ಆ ಸಂಖ್ಯೆಯನ್ನು ನೋಡಿ ಸಂಜೆಯ ಬನ್ಸ್ ಅಥವಾ ಗೋಳಿಬಜೆಯನ್ನು ಲೆಕ್ಕಕ್ಕೆ ಸರಿದೂಗಿಸುವ ಅಭ್ಯಾಸವಿದ್ದರೆ ಬಿಡುವುದು ಒಳ್ಳೆಯದು. ಕರಿಯುವಾಗ ಅವು ಹೀರಿಕೊಂಡ ಎಣ್ಣೆಯ ಲೆಕ್ಕ ಇನ್ನೂ ಮೋಸದ್ದು.

ಪ್ರಶ್ನೆ: ತಣ್ಣೀರುಬಾವಿ ಕಡಲತೀರದ ಹೊಯಿಗೆಯಲ್ಲಿ ನಡೆದರೆ ರಸ್ತೆಯಲ್ಲಿ ನಡೆದದ್ದಕ್ಕಿಂತ ಎರಡು ಪಟ್ಟು ಕ್ಯಾಲರಿ ಕರಗುತ್ತದೆ ಎನ್ನುತ್ತಾರೆ. ಆದರೆ ನನ್ನ ಮೊಬೈಲ್ ಎರಡಕ್ಕೂ ಒಂದೇ ಲೆಕ್ಕ ಕೊಡುತ್ತದೆ. ಇದು ನಿಜವೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಸಡಿಲವಾದ ಒಣ ಹೊಯಿಗೆಯ ಮಟ್ಟಿಗೆ ನಿಜ. ಅದೇ ವೇಗದಲ್ಲಿ ನಡೆದರೆ ಗಟ್ಟಿ ನೆಲಕ್ಕಿಂತ 2.1ರಿಂದ 2.7 ಪಟ್ಟು ಶಕ್ತಿ ಬೇಕಾಗುತ್ತದೆ ಎಂದು 1998ರಲ್ಲಿ ಪ್ರಕಟವಾದ ಒಂದು ಅಳತೆ ತೋರಿಸಿದೆ. ಓಟಕ್ಕೆ ಅದು ಸುಮಾರು 1.6 ಪಟ್ಟು. ಪ್ರತಿ ಹೆಜ್ಜೆಗೂ ಪಾದ ಕುಸಿದು ಹೊಯಿಗೆಯನ್ನು ಸರಿಸುವುದರಲ್ಲಿ ವ್ಯಯವಾದ ಕೆಲಸ ದೇಹಕ್ಕೆ ಮರಳಿ ಸಿಗುವುದಿಲ್ಲ. ನಿಮ್ಮ ಮೊಬೈಲ್ ಹೆಜ್ಜೆ ಮತ್ತು ದೂರವನ್ನಷ್ಟೇ ಎಣಿಸುವುದರಿಂದ ಕಾಲಡಿಯ ನೆಲ ಯಾವುದೆಂದು ಅದಕ್ಕೆ ತಿಳಿಯದು. ಆದರೆ ಒಣ ಹೊಯಿಗೆಯಲ್ಲಿ ಯಾರೂ ರಸ್ತೆಯ ವೇಗದಲ್ಲಿ ನಡೆಯುವುದಿಲ್ಲ, ಹೆಚ್ಚಿನವರು ನಡೆಯುವುದು ಅಲೆ ಬಡಿದು ಗಟ್ಟಿಯಾದ ಒದ್ದೆ ಪಟ್ಟಿಯ ಮೇಲೆ. ಅಲ್ಲಿ ಈ ಲಾಭ ಬಹಳಷ್ಟು ಕಡಿಮೆಯಾಗುತ್ತದೆ. ನೀವು ಯಾವುದರಲ್ಲಿ ನಡೆಯುತ್ತೀರೆಂದು ಬರೆದಿಲ್ಲ. ಹೆಜ್ಜೆಗುರುತು ಹಿಮ್ಮಡಿಯ ಆಳಕ್ಕೆ ಇಳಿಯುತ್ತಿದ್ದರೆ ಮಾತ್ರ ಎರಡು ಪಟ್ಟಿನ ಮಾತು ಅನ್ವಯಿಸೀತು.