ಕಾಯಿಲೆ ಬಿದ್ದ ಸೀ ಅನಿಮೋನ್‌ಗೆ ಸಿಪ್ರೋ ಮಾತ್ರೆ ಕೊಡಬಹುದಾ?

ನೀವು ಬರೆದಿರುವುದು ಇಷ್ಟು: ಚಿಂತಾಮಣಿಯ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇದೆ. ಬೆಂಗಳೂರಿನಿಂದ ತಂದ ಮ್ಯಾಗ್ನಿಫಿಕಾ ಜಾತಿಯ ಅನಿಮೋನ್ (ಕಲ್ಲಿಗೆ ಅಂಟಿಕೊಂಡು ಹೂವಿನ ಹಾಗೆ ಅರಳುವ ಸಮುದ್ರಜೀವಿ) ಒಂದು ವಾರದೊಳಗೇ ದಿನಕ್ಕೆ ಎರಡು ಮೂರು ಸಲ ಕುಗ್ಗಿ ಮುದ್ದೆಯಾಗುತ್ತಿದೆ, ಬಾಯಿ ತೆರೆದೇ ಇದೆ. ಸಿಪ್ರೋ, ಅಂದರೆ ಬ್ಯಾಕ್ಟೀರಿಯಾ ಕೊಲ್ಲುವ ಸಿಪ್ರೋಫ್ಲಾಕ್ಸಾಸಿನ್ ಮಾತ್ರೆಯನ್ನು ಟ್ಯಾಂಕಿಗೆ ಹಾಕಬಹುದಾ?

ಮಾತ್ರೆ ಕೊಡಬಹುದು. ಆದರೆ ಈಗಿರುವ ಟ್ಯಾಂಕಿಗೆ ಮಾತ್ರ ಹಾಕಬೇಡಿ. ಮೀನಿನ ಕೊಳೆಯನ್ನು ಅರಗಿಸುವ ಬ್ಯಾಕ್ಟೀರಿಯಾ ಇರುವುದೇ ನಿಮ್ಮ ಕಲ್ಲು, ಮರಳು, ಫಿಲ್ಟರ್‌ನಲ್ಲಿ. ಔಷಧಿಯಿಂದ ಅವಕ್ಕೂ ಏಟು ಬಿದ್ದರೆ ಅಮೋನಿಯಾ ಏರುತ್ತದೆ, ಅನಿಮೋನ್ ಜೊತೆ ಅದರ ಎಳೆಗಳ ನಡುವೆ ಇರುವ ಕ್ಲೌನ್ ಮೀನುಗಳೂ ಸಾಯುತ್ತವೆ. ಬೇರೆ ಟ್ಯಾಂಕ್ ಬೇಕೇ ಬೇಕು.

ನಾನಿರುವುದು ಕೋಲಾರದಲ್ಲಿ. ನಮ್ಮ ಮನೆಯಲ್ಲೂ ಇದೇ ಜಾತಿಯ ಅನಿಮೋನ್ ಹೀಗೇ ಮಲಗಿತ್ತು, ಇದೇ ಔಷಧಿಯಿಂದ ಎದ್ದಿತು. ಈಗಲೂ ಚೆನ್ನಾಗಿದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು, ಅದು ನಿಜವಾಗಿ ಕಾಯಿಲೆಯಾ ನೋಡಿ. ಆರೋಗ್ಯವಾಗಿರುವ ಅನಿಮೋನ್ ಕೂಡ ಆಗಾಗ ಕುಗ್ಗುತ್ತದೆ, ಕಂದು ಬಣ್ಣದ ಲೋಳೆ ಹೊರಗೆ ಹಾಕುತ್ತದೆ, ಕೆಲವು ಗಂಟೆಗಳಲ್ಲಿ ಮತ್ತೆ ಅರಳುತ್ತದೆ. ಅದಕ್ಕೆ ಔಷಧಿ ಬೇಡ. ದಿನದಲ್ಲಿ ಹಲವು ಸಲ ಕುಗ್ಗಿ ಅರಳುತ್ತಿದ್ದರೆ ಬಾಯಿಯನ್ನು ಹತ್ತಿರದಿಂದ ನೋಡಿ. ಸರಿಯಿದ್ದಾಗ ಅದು ಮುಚ್ಚಿದ ಸಣ್ಣ ಸೀಳು ಅಷ್ಟೇ. ಕಾಯಿಲೆಯಲ್ಲಿ ಬಾಯಿ ಸಡಿಲವಾಗಿ ತೆರೆದುಕೊಂಡು ಒಳಗಿನ ಮಡಿಕೆಗಳು ಕಾಣಿಸುತ್ತವೆ. ಕೈಗವಸು ಹಾಕಿಕೊಂಡು ಬಾಯಿಯ ಸುತ್ತ ಬೆರಳಿನ ಹಾಗಿರುವ ಎಳೆಗಳಲ್ಲಿ ಒಂದನ್ನು ಮುಟ್ಟಿ. ಚೆನ್ನಾಗಿರುವ ಎಳೆ ಹಲಸಿನ ಅಂಟಿನ ಹಾಗೆ ಹಿಡಿದುಕೊಳ್ಳುತ್ತದೆ, ಸೋತ ಎಳೆ ಸುಮ್ನೆ ಜಾರುತ್ತದೆ. ಪಾದ, ಅಂದರೆ ಅದು ಅಂಟಿಕೊಳ್ಳುವ ಬುಡ, ಕಲ್ಲಿಗೆ ಅಂಟದಿದ್ದರೆ, ಅದರಲ್ಲಿ ಸೀಳಿದ ಗಾಯವಿದ್ದರೆ ತಡಮಾಡಬೇಡಿ. ಕೊಳೆತ ವಾಸನೆ ಬಂದು ಮೈ ಕರಗುತ್ತಿದ್ದರೆ ಅದು ಸತ್ತಿದೆ, ತಕ್ಷಣ ಹೊರಗೆ ತೆಗೆಯಿರಿ.

ಜೊತೆಗೇ ನೀರನ್ನೂ ಪರೀಕ್ಷೆ ಮಾಡಿ. ನಮ್ಮ ಎರಡೂ ಜಿಲ್ಲೆಗಳ ಬೋರ್‌ವೆಲ್ ನೀರು ಗಡಸು, ಎಷ್ಟೋ ಕಡೆ ಫ್ಲೋರೈಡ್ ಬೇರೆ. ಅದು ಬೇಡ. ಕಾಯಿನ್ ಹಾಕಿ ಹಿಡಿಯುವ ಫಿಲ್ಟರ್ ನೀರನ್ನೂ ಕಣ್ಣುಮುಚ್ಚಿ ನಂಬಬೇಡಿ. ನೀರಿನಲ್ಲಿ ಕರಗಿರುವ ಲವಣ ಅಳೆಯುವ ಟಿಡಿಎಸ್ ಮೀಟರ್ ಇಟ್ಟು ನೋಡಿ, ಜಾಸ್ತಿ ಇದ್ದರೆ ಆ ಲವಣ ಹಿಡಿದುಕೊಳ್ಳುವ ಡಿಐ ರೆಸಿನ್ ಹರಳುಗಳ ಮೂಲಕ ಹಾಯಿಸಿ ಸೊನ್ನೆಗೆ ತನ್ನಿ. ನೀರೇ ಕೆಟ್ಟಿದ್ದರೆ ಯಾವ ಮಾತ್ರೆಯೂ ಕೆಲಸ ಮಾಡುವುದಿಲ್ಲ. ಇನ್ನೊಂದು ಮಾತು, ಬಿಳಿ ಚುಕ್ಕೆ ರೋಗಕ್ಕೆ ಮೀನಿಗೆ ಹಾಕುವ ತಾಮ್ರದ ಔಷಧಿಯನ್ನು ಅನಿಮೋನ್ ಹತ್ತಿರವೂ ತರಬೇಡಿ. ತಾಮ್ರ ಅದಕ್ಕೆ ವಿಷ.

ಈಗ ಔಷಧಿಯ ಲೆಕ್ಕ. ಈ ಹವ್ಯಾಸದಲ್ಲಿರುವವರು ಅನುಭವದಿಂದ ಕಂಡುಕೊಂಡು ಬಳಸುತ್ತಿರುವ ಪ್ರಮಾಣ 10 ಗ್ಯಾಲನ್‌ಗೆ, ಅಂದರೆ ಸುಮಾರು 38 ಲೀಟರಿಗೆ, 250 ಮಿಲಿಗ್ರಾಂ. ನಮಗೆ ಅನುಕೂಲವಾದ ದಾರಿ 20 ಲೀಟರಿನ ಟ್ಯಾಂಕ್: ದಿನಕ್ಕೆ ಒಂದು ಕ್ಯಾನ್ ನೀರು, ಸುಮಾರು 700 ಗ್ರಾಂ ಉಪ್ಪು, 250ರ ಮಾತ್ರೆಯಲ್ಲಿ ಅರ್ಧ. ಹೀಗೆ 7 ದಿನ. ಮರಳು, ಕಾರ್ಬನ್ ಏನೂ ಬೇಡ. ಹೀಟರ್ ಇರಲಿ, ಸಣ್ಣ ಪಂಪ್ ಇರಲಿ. ಪಂಪಿನ ಬಾಯಿಗೆ ಸ್ಪಂಜು ಕಟ್ಟಿ, ಇಲ್ಲದಿದ್ದರೆ ಬಲವಿಲ್ಲದ ಅನಿಮೋನ್ ಅದರೊಳಗೆ ಸಿಕ್ಕಿ ಚೂರಾಗುತ್ತದೆ. ಕರೆಂಟ್ ಹೋಗುವುದು ನಮಗೆ ಹೊಸದಲ್ಲ ಅಲ್ವಾ, ಬ್ಯಾಟರಿಯ ಏರ್ ಪಂಪ್ ಒಂದನ್ನು ಪಕ್ಕದಲ್ಲಿಟ್ಟಿರಿ.

ನಾಳೆಯ ನೀರನ್ನು ಇವತ್ತೇ ಕಲಸಿಡಿ. ಉಪ್ಪುನೀರಿನ ಸಾಂದ್ರತೆ (ಸಿಹಿನೀರು 1 ಅಂದರೆ) 1.025, ಬಿಸಿ 25–26 ಡಿಗ್ರಿ, ಎರಡೂ ಹಳೆಯ ನೀರಿಗೆ ಸರಿಸಮ ಬರಬೇಕು. ಸಂಜೆ ಹಳೆಯ ನೀರನ್ನು ಪೂರ್ತಿ ತೆಗೆದು ಹೊಸದನ್ನು ಹಾಕಿ, ಲೈಟ್ ಆರಿಸಿದ ಮೇಲೆ ಮಾತ್ರೆ ಕೊಡಿ. ಸಿಪ್ರೋ ಬೆಳಕಿಗೆ ಒಡೆದುಹೋಗುತ್ತದೆ, ಅದಕ್ಕೇ ರಾತ್ರಿ. ಸಮುದ್ರದ ನೀರಿನ ಮೆಗ್ನೀಸಿಯಂ, ಕ್ಯಾಲ್ಸಿಯಂ ಕೂಡ ಇದನ್ನು ಹಿಡಿದುಕೊಂಡು ಬಲ ಕುಗ್ಗಿಸುತ್ತವೆ. ಮನುಷ್ಯರಿಗೆ ಈ ಮಾತ್ರೆಯನ್ನು ಹಾಲಿನ ಜೊತೆ ನುಂಗಬೇಡಿ ಅನ್ನುವುದೂ ಇದೇ ಕಾರಣಕ್ಕೆ. ಆದ್ದರಿಂದ ಒಂದು ಸಲ ಹಾಕಿ ಬಿಟ್ಟರೆ ಸಾಲದು, ದಿನವೂ ಹೊಸ ನೀರು, ಹೊಸ ಮಾತ್ರೆ. ಮಾತ್ರೆಯನ್ನು ಎರಡು ಚಮಚಗಳ ನಡುವೆ ಒತ್ತಿ ಪುಡಿ ಮಾಡಿ, ಒಂದು ಲೋಟ ಟ್ಯಾಂಕ್ ನೀರಿನಲ್ಲಿ ಕದಡಿ, ಮೇಲಿನ ಲೇಪದ ಚೂರುಗಳು ಹೋಗುವಂತೆ ಬಟ್ಟೆಯಲ್ಲಿ ಸೋಸಿ ಹಾಕಿ. ಹಗಲು ಲೈಟ್ ಹಾಕಿ. ಊಟ ಮಾತ್ರ ಬೇಡ, ತಿಂದದ್ದು ಒಳಗೇ ಕೊಳೆಯುತ್ತದೆ.

ಮಾತ್ರೆ ತರುವಾಗ ಎಚ್ಚರ. ಸಿಪ್ರೋ ಜೊತೆ ಟಿನಿಡಜೋಲ್ ಎಂಬ ಇನ್ನೊಂದು ಔಷಧಿ ಸೇರಿಸಿದ ಮಾತ್ರೆಗಳು ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸಾಮಾನ್ಯ, ಅವು ಬೇಡ. ಬರೀ ಸಿಪ್ರೋ ಬೇಕು. ಇದು ಚೀಟಿ ಇಲ್ಲದೆ ಕೊಡಬಾರದ ಔಷಧಿ. ಪಶುವೈದ್ಯರ ಹತ್ತಿರ ಹೋಗಿ, ವಿಡಿಯೋ ತೋರಿಸಿ, ಲೆಕ್ಕ ಹೇಳಿ ಬರೆಸಿಕೊಳ್ಳಿ. ನಮ್ಮ ಕಡೆ ಅವರು ಹೆಚ್ಚಾಗಿ ನೋಡುವುದು ಹಸು ಎಮ್ಮೆಗಳನ್ನೇ. ಆದರೂ ಬ್ಯಾಕ್ಟೀರಿಯಾ, ಔಷಧಿಯ ವಿಷಯ ಅವರಿಗೆ ಹೊಸದೇನಲ್ಲ.

ತೆಗೆದ ನೀರನ್ನು ದಯವಿಟ್ಟು ಹಾಗೇ ಮೋರಿಗೆ ಚೆಲ್ಲಬೇಡಿ. ಇದು ಮನಸ್ಸಿಟ್ಟು ಕೇಳುವ ಮಾತು. ಊರಿನ ಮೋರಿಗಳು ಕೊನೆಗೆ ಸೇರುವುದು ಕೆರೆಗೇ. ಆಂಟಿಬಯಾಟಿಕ್ ಅಲ್ಲಿ ಸೇರಿದಷ್ಟೂ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತದೆ, ನಾಳೆ ನಮ್ಮ ಮಕ್ಕಳಿಗೇ ಮಾತ್ರೆ ಹತ್ತುವುದಿಲ್ಲ. ಅಗಲವಾದ ಟಬ್ಬಿಗೆ ಹಾಕಿ, ಆಕ್ಟಿವೇಟೆಡ್ ಕಾರ್ಬನ್ ಸೇರಿಸಿ, ಕೆಲವು ದಿನ ಬಿಸಿಲಿಗಿಡಿ. ಔಷಧಿಯ ಬಹುಪಾಲು ಕಾರ್ಬನ್‌ಗೆ ಹಿಡಿಯುತ್ತದೆ, ಉಳಿದದ್ದರಲ್ಲಿ ಬಿಸಿಲಿಗೂ ಒಂದಿಷ್ಟು ಹೋಗುತ್ತದೆ. ಗಿಡಗಳಿಗೆ ಮಾತ್ರ ಹಾಕಬೇಡಿ, ಉಪ್ಪಿಗೆ ಸುಟ್ಟುಹೋಗುತ್ತವೆ.

ಗುಣವಾಗುತ್ತಿದ್ದರೆ ಕುಗ್ಗುವುದು ಕಡಿಮೆಯಾಗಿ, ಬಾಯಿ ಬಿಗಿಯಾಗಿ, ಪಾದ ಗಾಜಿಗೆ ಅಂಟುತ್ತದೆ. ಔಷಧಿ ನಿಲ್ಲಿಸಿದ ಮೇಲೂ ಕೆಲವು ದಿನ ಅರಳಿಕೊಂಡೇ ಇದ್ದರೆ ದೊಡ್ಡ ಟ್ಯಾಂಕಿಗೆ ಬಿಡಿ. ಮೈ ಬೆಳ್ಳಗಾಗಿದ್ದರೆ ಬೆಳಕನ್ನು ನಿಧಾನವಾಗಿ ಏರಿಸಿ, ಸಿಗಡಿಯ ಸಣ್ಣ ಚೂರು ಕೊಡಿ. ಬಣ್ಣ ಮರಳಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಕ್ಲೌನ್ ಮೀನುಗಳು ಅದನ್ನು ಉಜ್ಜದಂತೆ ಬಲೆಯ ಬುಟ್ಟಿ ಮುಚ್ಚಿ.

ಪಾದದ ಫೋಟೋ, ಉಪ್ಪಿನ ಸಾಂದ್ರತೆ, ನೈಟ್ರೇಟ್ ಎಷ್ಟಿದೆ, ಟ್ಯಾಂಕ್ ಶುರುಮಾಡಿ ಎಷ್ಟು ತಿಂಗಳಾಯಿತು, ಇಷ್ಟನ್ನು ಇಲ್ಲೇ ಕೆಳಗೆ ಹಾಕಿ. ನೋಡಿ ಹೇಳುತ್ತೇನೆ.